ಹಿಮದ ಮೇಲೆ ಒಂದು ಗಂಟೆ

ಗರಾಜು ಎಂದರೆ ಕಾರು ನಿಲ್ಲಿಸುವ ಜಾಗ ಎಂದು ನಂಬಿರುವವರು ಫ್ರೀಮಾಂಟಿನ ನಮ್ಮ ಬೀದಿಗೆ ಒಮ್ಮೆ ಬಂದು ನೋಡಬೇಕು. ಕಾರುಗಳೆಲ್ಲ ಹೊರಗೆ ಬಿಸಿಲಲ್ಲಿ ನಿಂತಿರುತ್ತವೆ. ಒಳಗೆ ಅಕ್ಕಿಮೂಟೆ, ಎರಡನೆಯ ಫ್ರಿಜ್ಜು, ಮಗಳು ಮೂರನೆಯ ಪಾಠಕ್ಕೇ ಕೈಬಿಟ್ಟ ಕೀಬೋರ್ಡು, ಗಣೇಶನ ಹಬ್ಬದ ಥರ್ಮೋಕೋಲ್ ಮಂಟಪ ಹಾಯಾಗಿ ನೆರಳಲ್ಲಿರುತ್ತವೆ. ಕಳೆದ ತಿಂಗಳು ನಾಲ್ಕು ದಿನಕ್ಕೆಂದು ಮನೆಗೆ ಬಂದ ಮಗಳು ಅದಿತಿ ಈ ವೈಭವವನ್ನು ನೋಡಲಾರದೆ ಟೊಂಕ ಕಟ್ಟಿ ನಿಂತಳು. ಇಟ್ಟುಕೊಳ್ಳುವುದು ಒಂದು ರಾಶಿ, ಯಾರಿಗಾದರೂ ಕೊಡುವುದು ಒಂದು ರಾಶಿ, ಎಸೆಯುವುದು ಒಂದು ರಾಶಿ. ಅವಳು ಬೆನ್ನು ತಿರುಗಿಸಿದಾಗಲೆಲ್ಲ ನಾನು ಮೂರನೆಯ ರಾಶಿಯಿಂದ ಮೊದಲನೆಯದಕ್ಕೆ ಸಾಮಾನು ಸಾಗಿಸುತ್ತಿದ್ದೆ.

"ಅಮ್ಮಾ, ವಾಟ್ ಈಸ್ ದಿಸ್? ಇಟ್ ಸ್ಟಿಲ್ ಹ್ಯಾಸ್ ದ ಟ್ಯಾಗ್," ಎಂದಳು.

ಹಿಮದಲ್ಲಿ ಜಾರದಿರಲೆಂದು ಶೂಗಳ ಕೆಳಗೆ ಎಳೆದು ತೊಡಿಸುವ ಸಾಧನ ಅದು. ಕಪ್ಪು ರಬ್ಬರಿನ ಪಟ್ಟಿ, ಪಟ್ಟಿಗೆ ತೆಳ್ಳನೆಯ ಸರಪಳಿ, ಸರಪಳಿಗೆ ಹಲ್ಲು. ನನ್ನ ಗಂಡ ನಾಗೇಶ ಐದು ವರ್ಷದ ಹಿಂದೆ ತಂದುಕೊಟ್ಟದ್ದು. ನಮ್ಮ ಸಂಸಾರದಲ್ಲಿ ಕೇಳದೆ ಬಂದ ಉಡುಗೊರೆಗಳು ಎಷ್ಟು ಕಡಿಮೆಯೆಂದರೆ, ಪ್ರತಿಯೊಂದೂ ಯಾಕೆ ಬಂತೆಂದು ನನಗೆ ನೆನಪಿದೆ.

"ಕೊಟ್ಬಿಡು," ಎಂದೆ.

ಅವಳು ಎರಡನೆಯ ರಾಶಿಯತ್ತ ಎಸೆದಳು. ಆ ಹಲ್ಲುಗಳು ಸಿಮೆಂಟಿನ ಮೇಲೆ ಖಣಖಣ ಎಂದು ಬಿದ್ದವು.

ಹಿಮಕ್ಕೂ ನನಗೂ ಇರುವ ಸಂಬಂಧ ಹೆಸರಿನದು ಮಾತ್ರ. ನನ್ನ ಹೆಸರು ಗಿರಿಜಾ. ಪರ್ವತರಾಜನ ಮಗಳು! ನನ್ನ ನಿಜವಾದ ಅಪ್ಪ ಹಾಸನದಲ್ಲಿ ಮಿಡಲ್ ಸ್ಕೂಲ್ ಮೇಷ್ಟರು. ನಾವು ಹತ್ತಿರದಿಂದ ಕಂಡ ಮೊದಲ ಮಂಜುಗಡ್ಡೆ ಎದುರು ಮನೆಯ ಡಾಕ್ಟರ ಫ್ರಿಜ್ಜಿನದು. ಆ ಬೀದಿಗೇ ಅದೊಂದೇ ಫ್ರಿಜ್ಜು. ಅವರ ಹೆಂಡತಿ ಒಂದು ದಿನ ನನ್ನ ಕೈಗೆ ಸ್ಟೀಲಿನ ಲೋಟದಲ್ಲಿ ನಾಲ್ಕು ತುಂಡು ಐಸು ಹಾಕಿ ಕೊಟ್ಟರು. ಅಮ್ಮನಿಗೆ ತೋರಿಸಬೇಕೆಂದು ಓಡಿದೆ. ದಾರಿಯಲ್ಲಿ ಗೆಳತಿಯೊಬ್ಬಳಿಗೆ ತೋರಿಸಿದೆ, ಹೂ ಮಾರುವವಳಿಗೆ ತೋರಿಸಿದೆ, ಪಕ್ಕದ ಮನೆಯ ಅಜ್ಜಿಯ ಕೆನ್ನೆಗೆ ತಾಗಿಸಿ ಬೈಸಿಕೊಂಡೆ. ಮನೆ ಮುಟ್ಟಿದಾಗ ಅಮ್ಮ ಲೋಟದೊಳಗೆ ಇಣುಕಿ, "ನೀರು ಹಿಡ್ಕೊಂಡು ಯಾಕೆ ಹಿಂಗ್ ಓಡಿ ಬಂದ್ಯೇ?" ಎಂದು ಕೇಳಿದಳು. ಹಿಮದ ವಿಷಯದಲ್ಲಿ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿದಿತ್ತು.

ಮುಂದಿನ ಪಾಠ ಪ್ರಹ್ಲಾದರಿಂದ. ಹುಬ್ಬಳ್ಳಿಯ ಪ್ರಹ್ಲಾದ ಪಕ್ಕದೂರು ಪ್ಲೆಸೆಂಟನ್ನಿನಲ್ಲಿ ಮನೆ ಮಾಡಿರುವ, ಮಾತಿನಲ್ಲೂ ಮೈಯಲ್ಲೂ ದೊಡ್ಡ ಮನುಷ್ಯ. ನಮ್ಮೂರನ್ನು ತಾಗಿರುವ ಈ ಸಮುದ್ರದ ಕೊಲ್ಲಿಯ ಸುತ್ತ ನಮ್ಮ ಗಂಡಸರಿಗೆ ಐವತ್ತು ಹತ್ತಿರವಾದಾಗ ಎರಡರಲ್ಲಿ ಒಂದು ಆಗುತ್ತದೆ: ಒಂದೋ ಅವರು ಸಂಸ್ಕೃತ ಶ್ಲೋಕ ಕಲಿಯಲು ಶುರುಮಾಡುತ್ತಾರೆ, ಇಲ್ಲವೇ ಬೆಟ್ಟ ಹತ್ತಲು. ಪ್ರಹ್ಲಾದರಿಗೆ ಡಾಕ್ಟರು ಕೊಲೆಸ್ಟ್ರಾಲ್ ಎಂದರು. ಆ ಶನಿವಾರದಿಂದಲೇ ನಮ್ಮೂರಿನ ಆರೇಳು ಸಂಸಾರಗಳಿಗೂ ಬೆಟ್ಟದ ಕಾಯಿಲೆ ಹತ್ತಿತು. ನಾಗೇಶ ದಿನಕ್ಕೆ ಎರಡು ಗಂಟೆ ಕಾರಿನಲ್ಲಿ ಕೂತು, ಸೇತುವೆ ದಾಟಿ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗಿ, ಅಲ್ಲಿ ಎಂಟು ಗಂಟೆ ಕೂತು ಬರುತ್ತಿದ್ದವರು. ಅವರಿಗೆ ಈ ಗುಂಪಿನಿಂದ ಹೊಸ ಜನ್ಮ ಬಂದಂತಾಯಿತು. ಹೆಂಗಸರಲ್ಲಿ ತಪ್ಪದೆ ಹೋಗುತ್ತಿದ್ದವರು ನಾನು ಮತ್ತು ಪ್ರಹ್ಲಾದರ ಹೆಂಡತಿ ಸುಧಾ. ನಡೆಯುವ ಆಸೆಯಿಂದ ಹೋಗುತ್ತಿದ್ದೆವು ಎಂದು ಹೇಳಿಕೊಳ್ಳುತ್ತಿದ್ದೆವು. ಬುತ್ತಿ ನಮ್ಮ ಕೈಯಲ್ಲಿರುತ್ತಿತ್ತು ಎಂಬುದೂ ಒಂದು ಕಾರಣ.

ನಮ್ಮೂರ ಸುತ್ತಲಿನ ಹಸಿರು ಗುಡ್ಡಗಳು ಸಾಲದಾದಾಗ ಪ್ರಹ್ಲಾದರ ಕಣ್ಣು ಟಾಹೋ ಕಡೆಯ ಬೆಟ್ಟಗಳ ಮೇಲೆ ಬಿತ್ತು. ಮಾರ್ಚ್ ಕೊನೆಯ ಶನಿವಾರ. ಮೇಲೆ ಒಂದು ಕೆರೆಯಿದೆ, ಅರ್ಧ ಹೆಪ್ಪುಗಟ್ಟಿರುತ್ತದೆ, ಆಗಲೇ ನೋಡಬೇಕು ಎಂದರು. ನಾನು ನಾಗೇಶರನ್ನು ಕೇಳಿದೆ, "ರೀ, ಹಿಮ ಇದ್ರೆ ನಮ್ಮ ಈ ವಾಕಿಂಗ್ ಶೂ ಸಾಕಾ?"

"ಮಾರ್ಚ್ ಮುಗೀತು ಕಣೇ. ಇನ್ನೆಲ್ಲಿ ಹಿಮ?" ಎಂದರು. ಅವರು ಮಂಡ್ಯದವರು. ಹಿಮದ ಬಗ್ಗೆ ಮಂಡ್ಯದವರು ಹಾಸನದವರಿಗೆ ಧೈರ್ಯ ಹೇಳಿದರೆ ಹೇಗಿರುತ್ತದೋ ಹಾಗಿತ್ತು. ನಾನು ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಹದಿನಾಲ್ಕು ಜನಕ್ಕಾಗುವಷ್ಟು ಪುಳಿಯೋಗರೆ ಕಲಸಿ ಏಳು ಜನಕ್ಕೆ ಕಟ್ಟಿಕೊಂಡೆ.

ನಾಲ್ಕು ಗಂಟೆ ಫ್ರೀವೇಯಲ್ಲಿ ಹೋಗಿ ಬೆಟ್ಟದ ಬುಡದಲ್ಲಿ ಇಳಿದಾಗ ಪಾರ್ಕಿಂಗ್ ಜಾಗದ ಸುತ್ತಲೇ ಆಳೆತ್ತರ ಹಿಮವನ್ನು ಒತ್ತರಿಸಿ ಗೋಡೆ ಕಟ್ಟಿದಂತೆ ನಿಲ್ಲಿಸಿದ್ದರು. ನಾನು ನಾಗೇಶರ ಮುಖ ನೋಡಿದೆ. ಅವರು ಬೂಟಿನ ದಾರ ನೋಡಿಕೊಂಡರು.

ಬೆಳಗಿನ ಹಿಮ ಗಟ್ಟಿಯಿತ್ತು. ಹೆಜ್ಜೆಯಿಟ್ಟರೆ ಹಪ್ಪಳ ಮುರಿದ ಸದ್ದು. ದಾರಿ ಎನ್ನುವುದು ಎಲ್ಲೂ ಇಲ್ಲ. ಹಿಂದೆ ಹೋದವರ ಹೆಜ್ಜೆಗುರುತುಗಳೇ ದಾರಿ. ಅರ್ಧ ಮೈಲಿಗೆ ಸುಧಾಗೆ ತಲೆನೋವು ಬಂದು, "ನಾ ಕಾರಿನ್ಯಾಗ ಮಲಕೋತೀನಿ" ಎಂದು ಕೀ ಇಸಿದುಕೊಂಡು ಹಿಂದಿರುಗಿದಳು. ಉಳಿದವರು ನಾನು ಮತ್ತು ಐದು ಜನ ಗಂಡಸರು.

ಹತ್ತೂವರೆಯ ಹೊತ್ತಿಗೆ ಬಿಸಿಲೇರಿತು. ಆಗ ಹಿಮ ತನ್ನ ಬುದ್ಧಿ ತೋರಿಸಲು ಶುರುಮಾಡಿತು. ಮೇಲೆ ನೋಡಲು ಹಾಗೇ ಬೆಳ್ಳಗೆ ಇರುತ್ತದೆ. ಕಾಲಿಟ್ಟರೆ ಮಾತ್ರ ತೊಡೆಯವರೆಗೂ ಕುಸಿಯುತ್ತದೆ. ಕೆಳಗೆ ಎಲ್ಲೋ ನೀರು ಹರಿಯುವ ಗುಳುಗುಳು ಕೇಳುತ್ತದೆ. ಒಂದು ಏರಿನಲ್ಲಿ ನನ್ನ ಬಲಗಾಲು ಹಾಗೆ ಇಳಿದು ಸಿಕ್ಕಿಹಾಕಿಕೊಂಡಿತು. ಪ್ರಹ್ಲಾದ ಮತ್ತು ನಾಗೇಶ ಎರಡು ರಟ್ಟೆ ಹಿಡಿದು, ಮೂಲಂಗಿ ಕೀಳುವಂತೆ ನನ್ನನ್ನು ಕಿತ್ತರು. ಕಾಲು ಬಂತು. ಶೂ ಒಳಗೇ ಉಳಿಯಿತು. ನಾಗೇಶ ಬೋರಲು ಮಲಗಿ ಕೈ ಹಾಕಿ ಅದನ್ನು ತೆಗೆದುಕೊಟ್ಟರು. ಅದರೊಳಗಿಂದ ಒಂದು ಲೋಟದಷ್ಟು ನೀರು ಸುರಿಯಿತು.

ಪಕ್ಕದಲ್ಲೇ ಹಿಮ ಕರಗಿ ಮೇಲೆದ್ದ ಒಂದು ಅಗಲವಾದ ಬಂಡೆಯಿತ್ತು. ಅದರ ಮೇಲೆ ಕೂತು, "ನಾನು ಇಲ್ಲೇ ಇರ್ತೀನಿ. ನೀವೆಲ್ಲ ಹೋಗಿ ಬನ್ನಿ," ಎಂದೆ.

ಈ ಮಾತಿನ ಅರ್ಥ ನಮ್ಮ ಹೆಂಗಸರಿಗೆಲ್ಲ ಗೊತ್ತು. ನೀವೂ ನಿಲ್ಲಿ ಎಂದು. ಒಂದು ಸಲವಾದರೂ, ಛೆ, ನಿನ್ನ ಬಿಟ್ಟು ಹೋಗೋದುಂಟಾ ಎನ್ನಿ, ಆಮೇಲೆ ಬೇಕಾದರೆ ಹೋಗಿ ಎಂದು. ನಾಗೇಶ ಮಾತಿನ ಅರ್ಥವನ್ನು ಬಿಟ್ಟು ಮಾತನ್ನಷ್ಟೇ ತೆಗೆದುಕೊಂಡರು.

"ಒಂದು ಗಂಟೆ ಅಷ್ಟೇ. ಹೋದ್ಹಾಗೆ ಬಂದ್ಬಿಡ್ತೀವಿ."

"ವೈನಿ, ಆರಾಮ ಕುಂದರ್ರಿ. ಬಿಸಲು ಛೊಲೋ ಅದ," ಎಂದರು ಪ್ರಹ್ಲಾದ.

ಆಗ ಹನ್ನೊಂದು ಗಂಟೆ. ಐದು ಬೆನ್ನುಗಳು ಮರಗಳ ನಡುವೆ ಮೇಲೇರಿ ಹೋದವು. ಫೋನು ನೋಡಿದೆ, ಸಿಗ್ನಲ್ ಇರಲಿಲ್ಲ. ಚೀಲದಲ್ಲಿ ಒಂದು ಬಾಟಲಿ ನೀರು, ಒಂದು ಕಿತ್ತಳೆ ಹಣ್ಣು, ಅರ್ಧ ಪೊಟ್ಟಣ ಕೋಡುಬಳೆ ಇದ್ದವು. ಪುಳಿಯೋಗರೆಯ ಡಬ್ಬ ಕೆಳಗೆ ಕಾರಿನಲ್ಲಿತ್ತು.

ಮೊದಲ ಗಂಟೆ ಚೆನ್ನಾಗಿಯೇ ಇತ್ತು ಎನ್ನಬೇಕು. ಒದ್ದೆ ಕಾಲುಚೀಲ ಬಿಚ್ಚಿ ಬಂಡೆಗೆ ಹರವಿದೆ. ಮೊದಲು ಒಣಗಿದ ಜೊತೆಯನ್ನು ಕೈಗೆ ಗವಸಿನಂತೆ ತೊಟ್ಟೆ. ನನ್ನನ್ನು ನಾನೇ ನೋಡಿ ನಕ್ಕೆ. ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಎಲ್ಲಿಂದಲೋ ಮೋಡವೊಂದು ಬಂದು ಸೂರ್ಯನ ಮುಂದೆ ನಿಂತಿತು. ಬಂಡೆ ಒಂದೇ ನಿಮಿಷದಲ್ಲಿ ತಣ್ಣಗಾಯಿತು. ಕೂತಿದ್ದರೆ ಕೆಳಗಿನಿಂದ ಚಳಿ, ನಿಂತರೆ ಗಾಳಿ.

ಕೂತಲ್ಲಿ ಅಪ್ಪ ನೆನಪಾದರು. ಅಪ್ಪ ಪೇಟೆಗೆ ಹೊರಟರೆ ಅಮ್ಮನಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಜೊತೆಯಲ್ಲಿ ನಡೆಯುವುದು ಆ ಕಾಲದ ಮೇಷ್ಟರುಗಳಿಗೆ ನಾಚಿಕೆಯ ವಿಷಯ. ಒಮ್ಮೆಯೂ ಹಿಂದಿರುಗಿ ನೋಡುತ್ತಿರಲಿಲ್ಲ. ಆದರೆ ಹಿಟ್ಟಿನ ಗಿರಣಿಯ ಮೂಲೆಗೆ ಬಂದಾಗ ಸುಮ್ಮನೆ ನಿಂತು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುತ್ತಿದ್ದರು. ಅಮ್ಮನ ಚಪ್ಪಲಿಯ ಸದ್ದು ಹತ್ತಿರ ಬಂದ ಮೇಲೆಯೇ ಮುಂದಿನ ಹೆಜ್ಜೆ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನಾನು ಇದನ್ನು ಗೆಳತಿಯರ ಮುಂದೆ ಆಡಿ ತೋರಿಸಿ ನಗಿಸುತ್ತಿದ್ದೆ. ನನ್ನ ಗಂಡ ನನ್ನ ಪಕ್ಕದಲ್ಲೇ ನಡೆಯಬೇಕು, ಹೆಗಲಿಗೆ ಹೆಗಲು ತಾಗಬೇಕು ಎನ್ನುತ್ತಿದ್ದೆ. ನಾಗೇಶ ಪಕ್ಕದಲ್ಲೇ ನಡೆಯುವವರು. ನನ್ನನ್ನು ಹೆಸರು ಹಿಡಿದು ಕರೆಯುವವರು, ಪಾತ್ರೆ ತೊಳೆಯುವವರು. ಹಾಗಾಗಿ ಮುಂದೆ ಹೋದವರು ಮೂಲೆಯಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಇಪ್ಪತ್ತೊಂದು ವರ್ಷ ನನ್ನ ತಲೆಗೇ ಬಂದಿರಲಿಲ್ಲ.

ಒಂದೂಕಾಲು ಗಂಟೆಯ ಹೊತ್ತಿಗೆ ಕಣಿವೆಯ ಆಚೆಗಿನ ದಿಣ್ಣೆಯ ಮೇಲೆ ಚುಕ್ಕೆಗಳು ಕಂಡವು. ಸಾಲಾಗಿ ಇಳಿಯುತ್ತಿದ್ದವು. ಎಣಿಸಲು ನೋಡಿದೆ, ನಾಲ್ಕೋ ಐದೋ. ನಮ್ಮವರು ಹೋದದ್ದು ಈ ಕಡೆಯಿಂದ, ಬರಬೇಕಾದದ್ದೂ ಈ ಕಡೆಯಿಂದಲೇ. ಆದ್ದರಿಂದ ಅವರು ಬೇರೆ ಯಾರೋ. ಆದರೂ ಮನುಷ್ಯರಲ್ಲವೇ. ನಾನು ಬಂಡೆಯ ಮೇಲೆ ನಿಂತು, ಕತ್ತಿನ ಮಫ್ಲರ್ ಬಿಚ್ಚಿ ಎರಡು ಕೈಯಲ್ಲೂ ಹಿಡಿದು ತಲೆಯ ಮೇಲೆ ಬೀಸಿದೆ. ಕೂಗಬೇಕಲ್ಲ, ಏನೆಂದು ಕೂಗುವುದು? ಹೆಲ್ಪ್ ಎನ್ನಲು ನಾಚಿಕೆಯಾಯಿತು. ಅಂಥದ್ದೇನಾಗಿದೆ ಎನ್ನಿಸಿತು. ಬಾಯಿಗೆ ಬಂದದ್ದು ಇಷ್ಟೇ: "ರೀ! ರೀ!"

ಆ ಬೆಟ್ಟಸಾಲಿನಲ್ಲಿ ಅದುವರೆಗೆ ಯಾವ ಹೆಂಗಸೂ ಗಂಡನನ್ನು ಹಾಗೆ ಕರೆದಿರಲಾರಳು. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು. ಚುಕ್ಕೆಗಳಲ್ಲಿ ಒಂದು ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು. ನಾನು ಇನ್ನೂ ಜೋರಾಗಿ ಬೀಸಿದೆ. ಆಮೇಲೆ ಅದೂ ಇಳಿದು ಮರಗಳೊಳಗೆ ಹೋಯಿತು. ಪಾಪ, ನಾನು ಸುಮ್ಮನೆ ಕೈ ಬೀಸುತ್ತಿದ್ದೇನೆಂದು ತಿಳಿದಿರಬೇಕು ಎಂದುಕೊಂಡೆ. ಮಫ್ಲರ್ ಸುತ್ತಿಕೊಂಡು ಕೂತೆ. ಈ ಸಂಗತಿಯನ್ನು ನಾನು ಆಮೇಲೆ ಯಾರಿಗೂ ಹೇಳಲಿಲ್ಲ. ಸುಧಾಗಿಲ್ಲ, ಮಗಳಿಗಿಲ್ಲ, ಗಂಡನಿಗಂತೂ ಇಲ್ಲವೇ ಇಲ್ಲ. ಗೊತ್ತಿಲ್ಲದವರತ್ತ ರೀ ಎಂದು ಕೂಗಿದವಳು ಅದನ್ನು ಯಾವ ಮುಖ ಇಟ್ಟುಕೊಂಡು ಹೇಳಿಯಾಳು?

ಎರಡೂಕಾಲು ಗಂಟೆಗೆ ಮೇಲಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ಎಪ್ಪತ್ತರ ಹತ್ತಿರದವಳು, ಬೆಳ್ಳಗಿನ ಜಡೆ, ಕೈಯಲ್ಲಿ ಎರಡು ಕೋಲು. ನನ್ನ ಕೈಗೆ ತೊಟ್ಟ ಕಾಲುಚೀಲ ನೋಡಿ ನಿಂತಳು.

"ಆರ್ ಯು ಓಕೆ, ಹನೀ?"

"ಮೈ ಹಸ್ಬೆಂಡ್ ಈಸ್ ಕಮಿಂಗ್," ಎಂದೆ.

ಯಾವಾಗ ಎಂದು ಕೇಳಿದಳು. ಒಂದು ಗಂಟೆಯಲ್ಲಿ ಎಂದೆ. ಹಾಗೆಂದು ಅವನು ಹೇಳಿದ್ದು ಯಾವಾಗ ಎಂದು ಕೇಳಿದಳು. ಹನ್ನೊಂದಕ್ಕೆ ಎಂದೆ. ಅವಳು ಗಡಿಯಾರ ನೋಡಿಕೊಂಡಳು. ಒಂದು ಕೋಲನ್ನು ನನ್ನತ್ತ ಚಾಚಿದಳು. ಮೇಲೆ ಕೆರೆಯ ದಂಡೆಯಲ್ಲಿ ಯಾರೂ ಇಲ್ಲ, ತಾನೇ ಕೊನೆಯವಳು, ನೆರಳು ಬಿದ್ದರೆ ಹಿಮ ಮತ್ತೆ ಗಾಜಾಗುತ್ತದೆ ಎಂದಳು. ನಾನು ಜಾಗ ಬಿಟ್ಟರೆ ಅವರು ಬಂದಾಗ ಗಾಬರಿಯಾಗುತ್ತಾರೆ ಎಂದೆ. ಅವಳು ನನ್ನನ್ನು ಒಂದು ಥರ ನೋಡಿ, "ಲೆಟ್ ಹಿಮ್," ಎಂದಳು.

ಇಳಿಯುವಾಗ ಹಿಮ್ಮಡಿಯನ್ನು ಮೊದಲು ಊರುವುದು ಹೇಗೆಂದು ತೋರಿಸಿದಳು. ನಾನು ಎರಡು ಸಲ ಬಿದ್ದೆ. ಪ್ರತಿ ಹತ್ತು ಹೆಜ್ಜೆಗೆ ನಿಂತು ಹಿಂದೆ ನೋಡುತ್ತಿದ್ದಳು. ಹೆಸರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದರೆ ಪರಿಚಯದ ಮಾತು ಹೊರಡುವುದಿಲ್ಲ.

ಪಾರ್ಕಿಂಗಿಗೆ ಬಂದಾಗ ನಾಲ್ಕು ಗಂಟೆ. ನಮ್ಮ ಕಾರಿನ ಹಿಂಬಾಗಿಲು ಮೇಲೆತ್ತಿತ್ತು. ಐದೂ ಜನ ಗಂಡಸರು ಅದರ ಸುತ್ತ ನಿಂತಿದ್ದರು. ಎಲ್ಲರ ಕೈಯಲ್ಲೂ ಪೇಪರ್ ತಟ್ಟೆ. ತಟ್ಟೆಯಲ್ಲಿ ನಾನು ಕಲಸಿದ ಪುಳಿಯೋಗರೆ.

"ಅಯ್ಯೋ, ಬಂದ್ರಲ್ಲಾ!" ಎಂದು ಸುಧಾ ಓಡಿ ಬಂದಳು. "ಇವರು ಈಗಷ್ಟೇ ಬಂದ್ರು ಗಿರಿಜಾ. ನೀವು ಇವರ ಜೋಡಿ ಇಲ್ಲಂತ ನನಗ ಆವಾಗನ ಗೊತ್ತಾಗಿದ್ದು."

ಏರಿನ ಹಿಮ ಪೂರ್ತಿ ಮೆತ್ತಗಾಗಿದ್ದರಿಂದ ಅವರು ಕೆರೆಯ ಆಚೆಗಿನ ಬೇರೆ ದಾರಿಯಲ್ಲಿ ಸುತ್ತಿಕೊಂಡು ಇಳಿದಿದ್ದರು. ನಾಗೇಶ ಬಾಯಿಯಲ್ಲಿದ್ದ ತುತ್ತನ್ನು ನುಂಗಿ, "ನೀನು ವಾಪಸ್ ಇಳಿದು ಸುಧಾ ಹತ್ರ ಹೋಗಿರ್ತೀಯ ಅಂದ್ಕೊಂಡೆ ಕಣೇ. ಈಗ ಹುಡುಕೋಕೆ ಹೊರಡ್ತಾ ಇದ್ದೆ," ಎಂದರು. ಕೈಯಲ್ಲಿ ತಟ್ಟೆ ಹಾಗೇ ಇತ್ತು.

ಬಿಳಿಜಡೆಯವಳು ಅವರನ್ನು ಮೇಲಿನಿಂದ ಕೆಳಗೆ ನೋಡಿ ನನ್ನನ್ನು ಕೇಳಿದಳು. "ಈಸ್ ದಿಸ್ ಹಿಮ್?"

ಹೌದು ಎಂದೆ. ಅವಳು ತನ್ನ ಕೋಲು ವಾಪಸು ತೆಗೆದುಕೊಂಡು, ನನ್ನ ತೋಳನ್ನು ಒಮ್ಮೆ ಗಟ್ಟಿಯಾಗಿ ಅಮುಕಿ ಹೋದಳು. ಪುಳಿಯೋಗರೆ ಬೇಡವೆಂದಳು.

ಮುಂದಿನ ವಾರ ನಾಗೇಶ ಆ ಹಲ್ಲಿನ ಸರಪಳಿ ತಂದುಕೊಟ್ಟರು. ನಾನು ಥ್ಯಾಂಕ್ಸ್ ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು ಕತೆಯಾಯಿತು.

ನಾಗೇಶ ಒಳ್ಳೆಯ ಕತೆಗಾರರು. ಆ ಯುಗಾದಿಯ ಊಟದಲ್ಲೇ ಶುರು. "ನಮ್ಮ ಗಿರಿಜೆ ಹೆಸರಿಗೆ ತಕ್ಕ ಹಾಗೆ ಹಿಮದ ಮೇಲೆ ತಪಸ್ಸಿಗೆ ಕೂತ್ಬಿಟ್ಳು. ಆದ್ರೆ ಶಿವ ಎಲ್ಲಿದ್ದ? ಕಾರ್ ಹತ್ರ ಪುಳಿಯೋಗರೆ ತಿಂತಿದ್ದ!" ಮನೆ ಅದುರುವಷ್ಟು ನಗು. ಗಣೇಶನ ಹಬ್ಬಕ್ಕೆ ಮತ್ತೆ. ಯಾರದೋ ಗೃಹಪ್ರವೇಶಕ್ಕೆ ಮತ್ತೆ. ಊರಿಂದ ಯಾರ ಅಪ್ಪ ಅಮ್ಮ ಬಂದರೂ, "ನಾಗೇಶ್, ಆ ತಪಸ್ಸಿನ ಕತೆ ಹೇಳ್ರೀ" ಎನ್ನುವವರು. ವರ್ಷಕ್ಕೆ ಏಳೆಂಟು ಸಲದಂತೆ ನಾಲ್ಕು ವರ್ಷ. ಅವರಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಕರಗತವಾಗಿತ್ತು. ನಾನೇನು ಕಡಿಮೆಯೇ? "ಡಬ್ಬದಲ್ಲಿ ನನಗೆ ಅಂತ ಎರಡೇ ತುತ್ತು ಉಳ್ಸಿದ್ರು" ಎಂದು ನನ್ನ ಒಗ್ಗರಣೆಯನ್ನೂ ಸೇರಿಸುತ್ತಿದ್ದೆ. ಅತಿ ಜೋರಾಗಿ ನಗುತ್ತಿದ್ದವಳು ನಾನೇ. ಹೆಂಡತಿ ನಕ್ಕರೆ ಉಳಿದವರಿಗೆ ನಗಲು ಅಪ್ಪಣೆ ಸಿಕ್ಕಂತೆ.

ಕಳೆದ ವರ್ಷ ಪ್ಲೆಸೆಂಟನ್ನಿನಲ್ಲಿ ಒಂದು ಮಧ್ಯಾಹ್ನದ ಊಟ. ಹೊಸದಾಗಿ ಬಂದ ಎಳೆಯ ದಂಪತಿಗಳಿದ್ದರು. ಹೊಸ ಕೇಳುಗರು ಸಿಕ್ಕರೆ ಯಾವ ಕತೆಗಾರನಿಗೂ ಹುರುಪು. ನಾಗೇಶ ಎದ್ದು ನಿಂತರು. ಅಡುಗೆಮನೆಯ ಟವೆಲ್ ಎತ್ತಿಕೊಂಡರು.

"ಬಂಡೆ ಮೇಲೆ ನಿಂತ್ಕೊಂಡು, ಮಫ್ಲರ್ ಬಿಚ್ಚಿ, ಹೀಗೆ... ಹೀಗೆ... ಏರೋಪ್ಲೇನ್ ಇಳಿಸೋರ ಥರ!" ಎಂದು ಎರಡು ಕೈಯಲ್ಲೂ ಟವೆಲ್ ಹಿಡಿದು ತಲೆಯ ಮೇಲೆ ಬೀಸಿ ತೋರಿಸಿದರು.

ಎಲ್ಲರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ. ಕೈಯಲ್ಲಿ ಹೋಳಿಗೆಯ ತಟ್ಟೆ ಇತ್ತು. ನಗು ಅರ್ಧಕ್ಕೆ ನಿಂತಿತು. ಮಫ್ಲರಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಮನೆಗೆ ಹಿಂದಿರುಗುವಾಗ ಫ್ರೀವೇಯ ಎರಡೂ ಕಡೆ ಗುಡ್ಡಗಳು ಹಸಿರಾಗಿದ್ದವು. ಎರಡು ಎಕ್ಸಿಟ್ ದಾಟುವವರೆಗೂ ಕಾದು ಕೇಳಿದೆ. "ನಾನು ಮಫ್ಲರ್ ಬೀಸಿದ್ದು ನಿಮಗೆ ಹೇಗೆ ಗೊತ್ತು?"

"ನೀನೇ ಹೇಳಿದ್ಯಲ್ಲ."

"ಹೇಳಿಲ್ಲ."

"ಯಾವಾಗ್ಲೋ ಹೇಳಿರ್ತೀಯ ಕಣೇ."

"ನಾನು ಯಾರಿಗೂ ಹೇಳಿಲ್ಲ ರೀ. ಆಚೆ ದಿಣ್ಣೆ ಮೇಲೆ ಒಂದು ಚುಕ್ಕೆ ನಿಂತಿತ್ತು. ನೀವಾ?"

ಅವರು ಇಂಡಿಕೇಟರ್ ಹಾಕಿದರು. ಲೇನ್ ಬದಲಾಯಿಸಿದರು, ಮತ್ತೆ ಹಳೆಯ ಲೇನಿಗೇ ಬಂದರು.

"ಹ್ಞೂಂ," ಎಂದರು.

"ನಾನು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಆಮೇಲೆ?"

"ಪ್ರಹ್ಲಾದ ಮುಂದೆ ಹೋಗ್ತಿದ್ದ. ಯಾರೋ ಕೈ ಬೀಸ್ತಾ ಇದಾರಲ್ಲ, ಯಾರದು ಅಂತ ಕೇಳ್ದ."

"ನೀವೇನಂದ್ರಿ?"

ಸ್ಟೀರಿಂಗನ್ನು ಎರಡು ಕೈಯಲ್ಲೂ ಹಿಡಿದು ಹೇಳಿದರು. "ಯಾರೋ ಅಂದೆ."

ಕಾರು ಓಡುತ್ತಲೇ ಇತ್ತು. ಅವರು ಒಂದೇ ಉಸಿರಿನಲ್ಲಿ ಉಳಿದದ್ದನ್ನು ಹೇಳಿದರು. ಅಷ್ಟರಲ್ಲಿ ಅವರು ಮೂರು ಸಲ ಬಿದ್ದಿದ್ದರಂತೆ. ಮೊಣಕಾಲು ಊದಿತ್ತಂತೆ. ಅದು ನಾನೆಂದು ಹೇಳಿದ್ದರೆ ಎಲ್ಲರೂ ಮತ್ತೆ ಮೇಲೆ ಹತ್ತಿ ಆ ಏರಿನಲ್ಲಿ ಇಳಿಯಬೇಕಿತ್ತಂತೆ. "ನನ್ನ ಕೈಲಿ ಆಗ್ತಿರ್ಲಿಲ್ಲ ಗಿರಿಜಾ. ಹೆದರಿಬಿಟ್ಟಿದ್ದೆ. ಆಗಲ್ಲ ಅಂತ ಅವರೆಲ್ಲರ ಮುಂದೆ ಹೇಳೋಕೂ ಆಗ್ಲಿಲ್ಲ. ನೀನು ನಿಂತಿದ್ದೆ, ಕೈ ಆಡಿಸ್ತಿದ್ದೆ. ಹುಷಾರಾಗಿದೀಯ, ಯಾರಾದ್ರೂ ಬರ್ತಾರೆ ಅನ್ನಿಸ್ತು."

ಹೆದರಿದ್ದು ನನಗೆ ಅರ್ಥವಾಯಿತು. ಆ ಹಿಮದಲ್ಲಿ ನಾನೂ ಹೆದರಿದ್ದವಳೇ. ಅವತ್ತೇ ಕಾರಿನ ಹತ್ತಿರ ತಟ್ಟೆ ಕೆಳಗಿಟ್ಟು ಹೀಗೇ ಹೇಳಿದ್ದರೆ ನಾಲ್ಕು ದಿನ ಮಾತು ಬಿಟ್ಟು ಐದನೆಯ ದಿನ ಕಾಫಿ ಕೊಡುತ್ತಿದ್ದೆ. ಆದರೆ ಗೊತ್ತಿದ್ದೂ ನಾಲ್ಕು ವರ್ಷ ಊರೂರಿಗೆ ನನ್ನನ್ನು ಆ ಬಂಡೆಯ ಮೇಲೆ ಕೂರಿಸಿ ತೋರಿಸಿದರಲ್ಲ? ಹೇಳಿ ಹೇಳಿ ಅವರಿಗೆ ತಾವೇ ಕಟ್ಟಿದ ಕತೆ ನಿಜವಾಗಿಬಿಟ್ಟಿತ್ತು. ನಿಜ ಯಾವುದೋ ಅಲಂಕಾರದಂತೆ ಬಾಯಿತಪ್ಪಿ ಹೊರಬಿತ್ತು. ಅದಕ್ಕಿಂತ ಕಹಿಯಾದದ್ದು ಇನ್ನೊಂದು. ಅಷ್ಟೂ ಸಲ ನಾನು ನಕ್ಕಿದ್ದೆ. ಆ ನಗುವನ್ನು ಯಾರಿಂದ ವಾಪಸು ಕೇಳಲಿ?

ಈ ವರ್ಷದ ಯುಗಾದಿಯ ಊಟ ಪ್ರಹ್ಲಾದರ ಮನೆಯಲ್ಲಿ. ಯಾರೋ ಆ ಕತೆ ಹೇಳಿ ಎಂದರು. ನಾಗೇಶ ನನ್ನ ಮುಖ ನೋಡಿ, "ಬೇಡ ಬಿಡ್ರೀ, ಹಳೇದಾಯ್ತು," ಎಂದರು. ಆದರೆ ಕತೆ ಆಗಲೇ ಊರಿನದಾಗಿತ್ತು. "ನಾ ಹೇಳ್ತೀನಿ ತಡೀರಿ," ಎಂದು ಪ್ರಹ್ಲಾದ ಶುರುಮಾಡಿದರು. ತಪಸ್ಸು ಬಂತು. ಶಿವ ಬಂದ. ಎಲ್ಲರೂ ನಕ್ಕು ನನ್ನ ಒಗ್ಗರಣೆಗಾಗಿ ನನ್ನತ್ತ ತಿರುಗಿದರು.

ನಾನು ಮೊದಲೇ ಯೋಚಿಸಿಟ್ಟಿದ್ದೆ ಎಂದುಕೊಳ್ಳಬೇಡಿ. ನಿಜವಾಗಿಯೂ ಪುಳಿಯೋಗರೆಯ ಮಾತೇ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊರಬಂದದ್ದು ಬೇರೆ.

"ಪ್ರಹ್ಲಾದ್, ಅವತ್ತು ಇಳಿಯುವಾಗ ಆಚೆ ಕಡೆಯಿಂದ ಒಬ್ಬರು ಕೈ ಬೀಸಿದ್ದು ನಿಮಗೆ ನೆನಪಿದೆಯಾ?"

"ಅದ ಅದ. ಯಾರೋ ಹೈಕರು."

"ಯಾರೋ ಅಲ್ಲ. ನಾನು."

ಪ್ರಹ್ಲಾದರ ಮುಖದಲ್ಲಿನ ನಗು ತಕ್ಷಣ ಹೋಗಲಿಲ್ಲ, ನಿಧಾನವಾಗಿ ಹೋಯಿತು. ನಾಗೇಶರತ್ತ ತಿರುಗಿದರು. "ಏ ನಾಗೇಶಾ, ನಾ ಕೇಳಿದ್ನೆಲ್ಲೋ. ನಿನಗ ಗೊತ್ತಿತ್ತೇನು?"

ನಾಗೇಶ ತಪ್ಪಿಸಿಕೊಳ್ಳಬಹುದಿತ್ತು. ಆ ದೂರಕ್ಕೆ ಕಾಣಿಸಲಿಲ್ಲ ಎಂದಿದ್ದರೆ ಎಲ್ಲರೂ ಸಂತೋಷದಿಂದ ನಂಬುತ್ತಿದ್ದರು. ಅವರು ಊಟದ ತಟ್ಟೆ ನೋಡುತ್ತಾ, "ಗೊತ್ತಿತ್ತು," ಎಂದರು. ಅದೊಂದನ್ನು ನಾನು ಅವರ ಪರವಾಗಿ ಹೇಳಲೇಬೇಕು.

ಯಾರೋ ನೀರು ಕುಡಿದ ಸದ್ದು ಕೇಳಿಸಿತು. ಸುಧಾ ಎದ್ದು, "ಪಾಯಸ ತರ್ಲಿ?" ಎಂದಳು. ಎಲ್ಲರೂ ಒಟ್ಟಿಗೆ ಹ್ಞಾಂ ಹ್ಞಾಂ ಎಂದರು. ಅಷ್ಟು ಆಸೆಯಿಂದ ಜನ ಪಾಯಸ ಕೇಳಿದ್ದನ್ನು ನಾನು ಕಂಡಿಲ್ಲ.

ನಾವಿಬ್ಬರೂ ಈಗಲೂ ಒಂದೇ ಮನೆಯಲ್ಲಿದ್ದೇವೆ. ಸಂಜೆ ನಮ್ಮೂರ ಕೆರೆಯ ಸುತ್ತ ನಡೆಯಲು ಹೋಗುತ್ತೇವೆ. ನಾಗೇಶ ನನಗಿಂತ ಒಂದು ಹೆಜ್ಜೆ ಹಿಂದೆಯೇ ಇರುತ್ತಾರೆ. ನಾನು ಶೂ ದಾರ ಕಟ್ಟಲು ಬಗ್ಗಿದರೆ ನಿಲ್ಲುತ್ತಾರೆ, ಸೀನಿದರೂ ನಿಲ್ಲುತ್ತಾರೆ. ನೋಡಿದವರು ಎಂ‌ಥ ಅನ್ಯೋನ್ಯ ಎಂದುಕೊಳ್ಳಬಹುದು. ನನಗೆ ಮಾತ್ರ ಸೆಕ್ಯೂರಿಟಿಯವನ ಜೊತೆ ನಡೆದಂತಾಗುತ್ತದೆ. ಬೇಗ ಹೋಗಿ ಎಂದರೂ ಹೋಗುವುದಿಲ್ಲ.

ಶನಿವಾರದ ಗುಂಪು ನಮ್ಮನ್ನು ಕರೆಯುವುದನ್ನು ಬಿಟ್ಟಿದೆ. ಜಗಳವೇನಿಲ್ಲ, ಮೆಸೇಜುಗಳು ಬರುವುದು ನಿಂತಿತು, ಅಷ್ಟೇ. ಆ ಯುಗಾದಿಯಾದ ಮೂರು ವಾರಕ್ಕೆ ಸುಧಾ ಫೋನು ಮಾಡಿದಳು. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿದಳು.

"ಗಿರಿಜಾ, ತಪ್ಪ ತಿಳ್ಕೋಬ್ಯಾಡ್ರಿ. ಮನ್ಯಾಗ ಏನರ ಅನ್ರಿ. ಅಷ್ಟ ಮಂದಿ ಮುಂದ ಗಂಡಗ ಹಂಗ ಮಾಡಬಾರದಿತ್ತು."

ನಾಲ್ಕು ವರ್ಷ ಅಷ್ಟೇ ಮಂದಿಯ ಮುಂದೆ ನಾನು ಬಂಡೆಯ ಮೇಲೆ ಕೂತಿದ್ದೆ. ಆಗ ಹಾಗೆ ಯಾರಿಗೂ ಅನ್ನಿಸಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. "ಒಲೆ ಮೇಲೆ ಹಾಲಿಟ್ಟಿದೀನಿ ಸುಧಾ, ಉಕ್ತಾ ಇದೆ," ಎಂದು ಫೋನು ಇಟ್ಟೆ.

ಒಲೆಯ ಮೇಲೆ ಏನೂ ಇರಲಿಲ್ಲ.